ಹಳೇ ಪೆಟ್ಟಿಗೆಯ ಪರವಾಗಿ

“ಅದನ್ನ ಗುಜರಿಗೆ ಹಾಕಮ್ಮ, ಸೌಂಡ್‌ಬಾರ್ ತರೋಣ” ಎಂದ ಮಗ. ಗುಂಡ್ಲುಪೇಟೆಯ ನಮ್ಮ ಮನೆಯ ಹೋಮ್ ಥಿಯೇಟರಿಗೆ ಹದಿನೈದು ವರ್ಷ. ಅಂಗಡಿಯವರೂ ತಲೆಯಾಡಿಸಿದರು. ಮಾರುವವರ ಕಣ್ಣಿಗೆ ಹಳೆಯದೆಲ್ಲ ರೋಗಿಷ್ಠವೇ! ಸಿನಿಮಾದಲ್ಲಿ ಗುಡುಗು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕಿವಿ ಮಂದವೆಂದು ನಾವೆಲ್ಲ ಅತ್ತೆಯನ್ನೇ ದೂರಿದೆವು, ಅವರು ಟಿ.ವಿ. ಮುಂದೆ ಕೂರುವುದನ್ನೇ ಬಿಟ್ಟರು.

ಹೆಂಗಸರಿಗೆ ತಂತಿಯ ವಿಷಯ ತಿಳಿಯದಂತೆ. ಕುಕ್ಕರಿನ ಗ್ಯಾಸ್ಕೆಟ್, ಹೊಲಿಗೆ ಯಂತ್ರದ ಬೆಲ್ಟು ಬದಲಿಸುವವರು ಯಾರು ಸ್ವಾಮಿ? ನಾನೇ ಸ್ಟೂಲ್ ಹತ್ತಿದೆ.

5.1 ಎಂದರೆ ಐದು ಸ್ಪೀಕರು, ಒಂದು ಸಬ್‌ವೂಫರ್. ಮಾತು ಹೆಚ್ಚಾಗಿ ಬರುವುದು ನಡುವಿನ ಸ್ಪೀಕರಿನಿಂದ. ನಮ್ಮಲ್ಲಿ ಅದು ಗೊಂಬೆಗಳ ಹಿಂದೆ ಅಡಗಿತ್ತು! (ಜೋಡಿಸಿದವರು ಯಜಮಾನರು, ನನಗೆ ಧೂಳು ಒರೆಸುವ ಅಧಿಕಾರ ಮಾತ್ರ.) ಅದನ್ನು ಮುಂದಕ್ಕೆಳೆದು ಕೂರುವವರ ಕಿವಿಯತ್ತ ತಿರುಗಿಸಿದೆ. ಹಿಂದಿನ ಎರಡನ್ನು ಆಚೀಚೆ, ಕಿವಿಗಿಂತ ತುಸು ಮೇಲೆ ಹಾಕಿಸಿದೆ. ರಿಮೋಟಿನಲ್ಲಿ ‘ಸೆಂಟರ್’ ಏರಿಸಿ, ಸಬ್‌ವೂಫರ್ ಇಳಿಸಿದೆ.

ಹೊಸ ಟಿ.ವಿ.ಗೆ ಹೊಂದುವುದಿಲ್ಲ ಎಂದಿದ್ದರಲ್ಲ, ಎರಡರ ಬೆನ್ನಲ್ಲೂ ಆಪ್ಟಿಕಲ್ ಕಿಂಡಿಯಿತ್ತು. ಒಂದು ತಂತಿ ಸಾಕಾಯಿತು. ಆದರೆ ಟಿ.ವಿ.ಯಲ್ಲಿ ‘ಪಿಸಿಎಂ’ ಇದ್ದರೆ ಆ ತಂತಿಯಲ್ಲಿ ಎರಡೇ ಸ್ಪೀಕರಿನ ಧ್ವನಿ ಬರುತ್ತದೆ. ‘ಡಾಲ್ಬಿ ಡಿಜಿಟಲ್’ಗೆ ಬದಲಿಸಬೇಕು.

ಸಂಜೆ ‘ಬಂಗಾರದ ಮನುಷ್ಯ’ ಹಾಕಿದೆ. 1972ರದು, ಒಂಟಿ ಧ್ವನಿಯ ಚಿತ್ರ. ಹಿಂದಿನ ಸ್ಪೀಕರು ಸುಮ್ಮನಿದ್ದರೆ ಕೆಟ್ಟಿತೆನ್ನಬೇಡಿ. ಅತ್ತೆ ಮೆಲ್ಲಗೆ ಬಂದು ಕೂತರು. ಸ್ವಲ್ಪ ಹೊತ್ತಾದ ಮೇಲೆ ನನ್ನತ್ತ ತಿರುಗಿ, “ಈಗ ಕೇಳ್ತದೆ ಕಣವ್ವ. ಇಷ್ಟು ದಿನ ಯಾಕೆ ಇವರೆಲ್ಲ ಗುಟ್ಟಾಗಿ ಮಾತಾಡ್ತಿದ್ರು?” ಎಂದರು.