ಹೊಸ್ಲಿಗೆ ಕೆಂಪು ಓಕ್ ಬ್ಯಾಡ ಕಣ್ರವ್ವ

ಕೊಳ್ಳೇಗಾಲದಲ್ಲಿ ಮಗ ಮನೆ ಕಟ್ಟುಸ್ತಾ ಅವ್ನೆ. ಹೊಸ್ಲಿಗೂ ಅಮೆರಿಕದ ಕೆಂಪು ಓಕ್ ಮರನೇ ಹಾಕ್ಸನ ಅಂತನೆ. ನಾನು ಬ್ಯಾಡ ಅಂದೆ. ಓಕ್ ಕೆಟ್ಟ ಮರ ಅಲ್ಲ. ಗಟ್ಟಿ, ನೋಡಕ್ಕೂ ಚೆಂದ. ಬೀರು, ಮಂಚ ಮಾಡುಸ್ಕೊಳ್ಳಿ. ಆದ್ರೆ ಕೆಂಪು ಓಕಿನ ಸಣ್ಣ ತೂತುಗಳು ಬಾಯಿ ತೆರ್ಕೊಂಡಿರ್ತವೆ, ನೀರು ಹೀರ್ಕತವೆ. ಬಿಳಿ ಓಕಿನವು ಮುಚ್ಕೊಂಡಿರ್ತವೆ, ಅದ್ಕೇ ಅಲ್ಲಿಯೋರು ಪೀಪಾಯಿ ಮಾಡೋದು ಅದ್ರಲ್ಲಿ. ನಾವು ದಿನಾ ಹೊಸ್ಲು ತೊಳ್ದು ಅರಿಸ್ನ ಬಳಿಯೋರು. ನೆನೀತಾನೇ ಇದ್ರೆ ಕೆಂಪು ಓಕು ಕೊಳೀತದೆ, ಗೆದ್ಲೂ ಬುಡಲ್ಲ.

ಹನೂರಲ್ಲಿ ನಮ್ಮತ್ತೆ ಮನೆ ಹೊಸ್ಲು ಹೊನ್ನೆಮರದ್ದು. ಗೋಡೆ ಬಿದ್ದೋದ್ರೂ ಅದಿನ್ನೂ ಗಟ್ಟಿಯಾಗದೆ. ಅದ್ನೇ ತಂದು ಕೂರ್ಸು ಅಂತಿವ್ನಿ. ಅತ್ತೆ 40 ವರ್ಸ ತೊಳ್ದ ಹೊಸ್ಲು, ಮೊಮ್ಮಗನ ಮನೇಲಿರ್ಲಿ.