ಬೈಸಿಕಲ್ ಸಂಚಾರವೂ ನಮ್ಮ ಹೆಣ್ಣುಮಕ್ಕಳೂ

ನಮ್ಮ ಶಾಲೆಯ ಅಂಗಳದ ಮೂಲೆಯಲ್ಲಿ, ಹಲಸಿನ ಮರದ ಕೆಳಗಿರುವ ತಗಡಿನ ಚಪ್ಪರದೊಳಗೆ ದಿನಾಲು ಬೆಳಿಗ್ಗೆ ಬೈಸಿಕಲ್ಲುಗಳು ಸಾಲಾಗಿ ಬಂದು ನಿಲ್ಲುವದನ್ನು ಈ ಸಂಚಿಕೆಯ ವಾಚಕರು ನೋಡಿಯೇ ಇರುವರು. ಕರ್ನಾಟಕ ಸರಕಾರವು ೨೦೦೬–೦೭ನೆಯ ಸಾಲಿನಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲುಗಳನ್ನು ಉಚಿತವಾಗಿ ಹಂಚುವದಕ್ಕೆ ಆರಂಭಿಸಿದ ತರುವಾಯ ಈ ಸಾಲು ಉದ್ದವಾಯಿತು. ಈಗ ಇರುವವುಗಳಲ್ಲಿ ಹಲವು ಅಕ್ಕನಿಂದ ತಂಗಿಗೆ ಇಳಿದು ಬಂದವುಗಳು. ಬಣ್ಣ ಮಾಸಿದೆ, ಗಂಟೆ ನುಡಿಯದು, ಆದರೂ ಗಾಲಿ ತಿರುಗುತ್ತದೆ. ಗಾಣದ ಎತ್ತು ಸುತ್ತುವಂತೆ ಈ ಗಾಲಿಗಳು ಬೆಳಿಗ್ಗೆ ಮನೆಯಿಂದ ಶಾಲೆಗೂ ಸಂಜೆ ಶಾಲೆಯಿಂದ ಮನೆಗೂ ತಿರುಗುವವು. ಹತ್ತನೆಯ ತರಗತಿ ತೀರಿದೊಡನೆ ಬೈಸಿಕಲ್ಲು ಮನೆಯ ಹಿಂದಣ ಕೊಟ್ಟಿಗೆಯನ್ನು ಸೇರುವದು. ಹುಡುಗಿಯು ಬಸ್ಸನ್ನು ಹತ್ತುವಳು. ಆ ನಾಲ್ಕೈದು ಕಿಲೋಮೀಟರಿನ ಆಚೆಗೆ ತನ್ನ ಬೈಸಿಕಲ್ಲು ತನ್ನನ್ನು ಎಲ್ಲಿಯ ತನಕ ಒಯ್ಯಬಲ್ಲದೆಂಬದು ಆಕೆಗೆ ತಿಳಿಯದೆಯೇ ಹೋಗುವದು.

ನಿತ್ಯಜೀವನದ ಕೆಲಸಕಾರ್ಯಗಳನ್ನು ಕೆಲವು ಕಾಲ ಬದಿಗಿಟ್ಟು, ಬೈಸಿಕಲ್ಲನ್ನೇರಿ ದೂರದ ಸೀಮೆಗಳನ್ನು ನೋಡಹೋಗುವದು ಹೆಣ್ಣುಮಗಳಿಗೆ ತಕ್ಕದ್ದೋ ಅಲ್ಲವೋ ಎಂಬ ಪ್ರಶ್ನೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ಇಲ್ಲಿ ಬರೆಯಲಿಚ್ಛಿಸುತ್ತೇವೆ. ತಕ್ಕದ್ದೇ ಎಂಬದು ನಮ್ಮ ಈಗಿನ ಮತ. ‘ಈಗಿನ’ ಎಂದು ಹೇಳುವದಕ್ಕೆ ಕಾರಣವುಂಟು; ಅದನ್ನು ಮೊದಲು ಒಪ್ಪಿಕೊಳ್ಳುವದು ನ್ಯಾಯ.

ಹನ್ನೆರಡು ವರುಷಗಳ ಕೆಳಗೆ ನಾವು ಹತ್ತನೆಯ ತರಗತಿಯ ಉಪಾಧ್ಯಾಯಿನಿಯಾಗಿದ್ದೆವು. ಪರೀಕ್ಷೆ ಮುಗಿದ ವಾರದಲ್ಲಿ ನಾಲ್ವರು ಹುಡುಗಿಯರು ನಮ್ಮ ಬಳಿಗೆ ಬಂದು, ಪುತ್ತೂರು ಸುಳ್ಯಗಳ ದಾರಿಯಾಗಿ ಸಂಪಾಜೆ ಘಾಟಿಯನ್ನು ಹತ್ತಿ ಮೂರು ದಿನಗಳಲ್ಲಿ ಮಡಿಕೇರಿಯನ್ನು ಮುಟ್ಟಬೇಕೆಂದು ಆಲೋಚಿಸಿರುವದಾಗಿ ತಿಳಿಸಿದರು. ಭೂಗೋಳದ ಪುಸ್ತಕದಿಂದ ಹರಿದ ಹಾಳೆಯ ಮೇಲೆ ನಕಾಶೆಯನ್ನು ಬರೆದುಕೊಂಡಿದ್ದರು. ಮೊದಲನೆಯ ರಾತ್ರಿ ಯಾರ ಚಿಕ್ಕಮ್ಮನ ಮನೆ, ಎರಡನೆಯ ರಾತ್ರಿ ಯಾರ ಅತ್ತೆಯ ಮನೆ, ನೀರು ಎಲ್ಲಿ ಸಿಕ್ಕುವದು, ಏರು ಎಲ್ಲಿ ಆರಂಭವಾಗುವದು, ಎಲ್ಲವನ್ನೂ ಅದರಲ್ಲಿ ಗುರುತು ಮಾಡಿದ್ದರು. ಒಬ್ಬಳ ತಂದೆಯು ಮೋಟಾರುಸೈಕಲಿನ ಮೇಲೆ ಹಿಂದೆ ಬರುವದಕ್ಕೆ ಒಪ್ಪಿದ್ದನು. ಮಿಕ್ಕ ಮೂವರ ಮನೆಗಳಲ್ಲಿ ನಾವು ಒಂದು ಮಾತು ಹೇಳಬೇಕೆಂಬದಷ್ಟೇ ಅವರ ಬೇಡಿಕೆ. ನಾವು ಆ ಮಾತನ್ನು ಹೇಳಲಿಲ್ಲ. ಮೊದಲು ಓದನ್ನು ಮುಗಿಸಿರಿ, ತರುವಾಯ ಉದ್ಯೋಗವನ್ನು ನೋಡಿರಿ, ಆ ಮೇಲೆ ಬೇಕಾದಲ್ಲಿಗೆ ಹೋಗಿರಿ ಎಂದು ಬುದ್ಧಿ ಹೇಳಿ ಕಳುಹಿಸಿದೆವು. ಅವರು ನಕಾಶೆಯನ್ನು ಮಡಚಿಕೊಂಡು ಹೋದರು.

ಕಳೆದ ಡಿಸೆಂಬರಿನಲ್ಲಿ ಆ ನಾಲ್ವರಲ್ಲಿ ಒಬ್ಬಳು ತನ್ನ ಅಕ್ಕನ ಮಗಳನ್ನು ನಮ್ಮ ಶಾಲೆಗೆ ಸೇರಿಸುವ ವಿಷಯವಾಗಿ ಬಂದಿದ್ದಳು. ಕಂಕುಳಲ್ಲಿ ಕೂಸು ಇತ್ತು. ಕ್ಷೇಮಸಮಾಚಾರವೆಲ್ಲ ಆದ ಮೇಲೆ, “ಟೀಚರ್, ನೀವು ಹೇಳಿದ ಹಾಗೆ ಓದು ಮುಗಿಸಿದೆ, ಕೆಲಸಕ್ಕೂ ಸೇರಿದೆ. ಆ ಘಾಟಿ ಒಂದು ಬಾಕಿ ಉಂಟು,” ಎಂದು ಹೇಳಿ ನಕ್ಕಳು. ಆ ನಗುವಿನಲ್ಲಿ ಆಕ್ಷೇಪಣೆ ಇರಲಿಲ್ಲ. ಇದ್ದಿದ್ದರೆ ನಮ್ಮ ಮನಸ್ಸಿಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಐರ್ಲೆಂಡಿನ ಡರ್ವ್ಲಾ ಮರ್ಫಿಯ ಕಥೆಯನ್ನು ನಾವು ತರಗತಿಯಲ್ಲಿ ಅನೇಕ ಸಾರಿ ಹೇಳಿದ್ದುಂಟು. ಅಂದು ಸಂಜೆ ಅದನ್ನು ಪುನಃ ನೆನಸಿಕೊಂಡೆವು. ಇಷ್ಟು ವರುಷ ಅದನ್ನು ಅರ್ಧವೇ ಹೇಳಿದ್ದೆವೆಂದು ಆಗ ಹೊಳೆಯಿತು. ಆ ಕಥೆಯೇನಂದರೆ:

ಈಕೆಯು ೧೯೩೧ರಲ್ಲಿ ಲಿಸ್ಮೋರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದಳು. ತಂದೆ ಪುಸ್ತಕಭಂಡಾರದ ಅಧಿಕಾರಿ. ತಾಯಿ ಸಂಧಿವಾತದಿಂದ ಕೈಕಾಲು ಸೋತವಳು. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಹಳೇ ಬೈಸಿಕಲ್ಲೂ ಒಂದು ಹಳೇ ನಕಾಶೆಗಳ ಪುಸ್ತಕವೂ ಆಕೆಗೆ ಬಹುಮಾನವಾಗಿ ದೊರೆತವು. ಕೆಲವು ದಿನಗಳ ತರುವಾಯ ಊರ ಬಳಿಯ ಕಡಿದಾದ ಏರನ್ನು ತುಳಿಯುತ್ತಿದ್ದಾಗ, ಹೀಗೆಯೇ ತುಳಿಯುತ್ತ ಹೋದರೆ ಹಿಂದೂದೇಶವನ್ನು ಮುಟ್ಟಬಹುದೆಂದು ಆ ಬಾಲಕಿಗೆ ತೋರಿತು. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯ ಶುಶ್ರೂಷೆಗಾಗಿ ಶಾಲೆಯನ್ನು ಬಿಡಬೇಕಾಯಿತು. ೧೯೬೧ರಲ್ಲಿ ತಂದೆಯೂ ೧೯೬೨ರಲ್ಲಿ ತಾಯಿಯೂ ತೀರಿಕೊಂಡರು. ೧೯೬೩ನೆಯ ಜನವರಿಯಲ್ಲಿ, ಯೂರೋಪೆಲ್ಲ ಹಿಮದಡಿಯಲ್ಲಿ ಹೂತಿದ್ದ ಚಳಿಗಾಲದಲ್ಲಿ, ಮೂವತ್ತೊಂದು ವರುಷದ ಈಕೆಯು ಫ್ರಾನ್ಸಿನ ಡನ್‌ಕರ್ಕ್ ಬಂದರಿನಿಂದ ಒಬ್ಬಳೇ ಹೊರಟಳು. ತುರ್ಕಿ, ಇರಾನ್, ಅಫಗಾನಿಸ್ಥಾನ, ಪಾಕಿಸ್ತಾನಗಳನ್ನು ದಾಟಿ, ಸುಮಾರು ೪,೧೭೦ ಮೀಟರು ಎತ್ತರದ ಬಾಬುಸರ್ ಕಣಿವೆಮಾರ್ಗವನ್ನು ಹಿಮದಲ್ಲಿ ಹಾದು, ಆ ವರುಷದ ಜುಲೈ ತಿಂಗಳಲ್ಲಿ ದಿಲ್ಲಿಯನ್ನು ಸೇರಿದಳು. ಆ ಮೇಲೆ ಧರ್ಮಶಾಲೆಯಲ್ಲಿ ಟಿಬೆಟಿನ ನಿರಾಶ್ರಿತ ಮಕ್ಕಳ ಸೇವೆಯಲ್ಲಿ ಕೆಲವು ತಿಂಗಳು ದುಡಿದಳು. ಆ ಸಂಚಾರದ ದಿನಚರಿಯು ೧೯೬೫ರಲ್ಲಿ ಪುಸ್ತಕವಾಗಿ ಬಂತು.

ನಾವು ಇಲ್ಲಿಗೆ ಕಥೆಯನ್ನು ನಿಲ್ಲಿಸಿ, “ನೋಡಿದಿರಾ ಮಕ್ಕಳೇ, ಆಕೆ ಎಷ್ಟು ವರುಷ ತಾಳ್ಮೆಯಿಂದ ಕಾದಳು!” ಎಂದು ನೀತಿಯನ್ನು ಹೇಳುತ್ತಿದ್ದೆವು. ಬಿಟ್ಟುಬಿಡುತ್ತಿದ್ದ ಭಾಗವು ಯಾವದೆಂದರೆ, ಆ ರೋಗಿಯಾದ ತಾಯಿಯೇ ಮಗಳನ್ನು ಹೊರಡಿಸಿದ ಸಂಗತಿ. ತಾಯಿಯ ಪ್ರೋತ್ಸಾಹದಿಂದಲೇ ಆಕೆಯು ೧೯೫೧ರಲ್ಲಿ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡಿನಲ್ಲಿಯೂ, ಮರುವರುಷ ಬೆಲ್ಜಿಯಂ, ಜರ್ಮನಿ, ಫ್ರಾನ್ಸುಗಳಲ್ಲಿಯೂ, ಅನಂತರ ಸ್ಪೇನ್ ದೇಶದಲ್ಲಿಯೂ ಒಬ್ಬಳೇ ಬೈಸಿಕಲ್ ಸಂಚಾರ ಮಾಡಿಬಂದಳು. ತಾಯಿಯ ರೋಗವು ಹೆಚ್ಚಿದ ಕಡೆಯ ವರುಷಗಳಲ್ಲಿ ಆ ಬಿಡುವೂ ಇಲ್ಲವಾಯಿತು. ಆ ದಿನಗಳ ಬೇಗೆಯನ್ನು ಆಕೆ ತನ್ನ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿರುವಳು. ಕಾದದ್ದರಿಂದ ಆಕೆ ದೊಡ್ಡವಳಾದಳೆಂದು ಹೇಳುವದು ಹೊರಗಿನವರಿಗೆ ಸುಲಭ. ನಡುವೆ ದೊರೆತ ಆ ಸಂಚಾರಗಳು ಇಲ್ಲದಿರುತ್ತಿದ್ದರೆ ಆ ಆಸೆಯು ಅಷ್ಟು ಕಾಲ ಬದುಕಿರುತ್ತಿತ್ತೋ ಇಲ್ಲವೋ! ಹಿರಿಯರಾದವರು ತಕ್ಕ ಕಾಲದಲ್ಲಿ ಕೊಟ್ಟ ಅಪ್ಪಣೆಯು ಮಗುವಿಗೆ ಕೊಟ್ಟ ಆಸ್ತಿಯೇ ಸರಿ. ನಾವು ಕೊಡಲಾರದೆ ಹೋದದ್ದು ಅದನ್ನೇ.

ಈ ಕಥೆಗೆ ನಮ್ಮ ಸೀಮೆಯ ಸಂಬಂಧವೂ ಉಂಟು. ಡರ್ವ್ಲಾ ಮರ್ಫಿಯು ೧೯೭೩ರ ಕೊನೆಯಲ್ಲಿ, ಐದು ವರುಷ ತುಂಬುತ್ತಿದ್ದ ಮಗಳನ್ನು ಕರೆದುಕೊಂಡು ಪುನಃ ಹಿಂದೂದೇಶಕ್ಕೆ ಬಂದು, ಕೊಡಗಿನ ಹಳ್ಳಿಯಲ್ಲಿ ವಾಸಮಾಡಿದಳು. ಅದನ್ನು ಕುರಿತ ಪುಸ್ತಕವು ೧೯೭೬ರಲ್ಲಿ ಪ್ರಕಟವಾಯಿತು. ಐರ್ಲೆಂಡಿನ ತಾಯಿಯೂ ಮಗುವೂ ಬಂದು ನೆಲೆನಿಂತ ಆ ಬೆಟ್ಟದ ನಾಡನ್ನು, ಘಾಟಿಯ ಕೆಳಗೇ ಬೆಳೆದ ನಮ್ಮ ನಾಲ್ವರು ಹುಡುಗಿಯರು ತಮ್ಮ ಕಾಲಿನ ಬಲದಿಂದ ಹತ್ತಿ ನೋಡದೆ ಉಳಿದರು.

ಇಷ್ಟು ಹೇಳಿದ ಮಾತ್ರಕ್ಕೆ, ಮನೆಯನ್ನು ಬಿಟ್ಟು ಹೊರಟ ಮಾತ್ರದಿಂದಲೇ ಒಬ್ಬಳು ಹೊಗಳಿಕೆಗೆ ಪಾತ್ರಳಾಗುವಳೆಂದು ನಾವು ತಿಳಿಯುವದಿಲ್ಲ. ಅಮೆರಿಕದ ಬಾಸ್ಟನ್ ಪಟ್ಟಣದಿಂದ ೧೮೯೪ರಲ್ಲಿ ಆ್ಯನಿ ಲಂಡನ್‌ಡೆರ್ರಿ ಎಂಬ ಹೆಸರಿನಿಂದ ಹೊರಟ ತರುಣಿಯು ಮೂವರು ಎಳೆಯ ಮಕ್ಕಳ ತಾಯಿ. ‘ಲಂಡನ್‌ಡೆರ್ರಿ’ ಎಂಬದು ಒಂದು ಕುಡಿಯುವ ನೀರಿನ ಕಂಪನಿಯ ಹೆಸರು; ಅದನ್ನು ಧರಿಸಿ ತಿರುಗುವದಕ್ಕೆ ಕಂಪನಿಯು ೧೦೦ ಡಾಲರು ಕೊಟ್ಟಿತ್ತು. ಹದಿನೈದು ತಿಂಗಳೊಳಗೆ ಭೂಮಂಡಲವನ್ನು ಸುತ್ತಿ ಬಂದೆನೆಂದು ಆಕೆ ಹೆಸರು ಪಡೆದಳು. ಆದರೆ ದಾರಿಯ ಬಹು ಭಾಗವನ್ನು ಹಡಗಿನಲ್ಲಿ ಕಳೆದಳು, ಮತ್ತು ಹಿಂದೂಸ್ಥಾನದಲ್ಲಿ ಹುಲಿಬೇಟೆಯಾಡಿದೆನೆಂಬಂಥ ನಡೆಯದ ಸಂಗತಿಗಳನ್ನು ಸಭೆಗಳಲ್ಲಿ ಹೇಳಿದಳು. ಆ ಕಾಲದ ಸ್ತ್ರೀಯೊಬ್ಬಳಿಗೆ ಬೇಕಾದ ಧೈರ್ಯವು ಸಾಮಾನ್ಯವಾದದ್ದಲ್ಲವೆಂದು ಒಪ್ಪುತ್ತೇವೆ. ಆದರೂ ಸತ್ಯವಾದ ಹತ್ತು ಮೈಲು, ಸುಳ್ಳಾದ ಸಾವಿರ ಮೈಲುಗಳಿಗಿಂತ ದೂರವಾದದ್ದೆಂದು ನಮ್ಮ ಹುಡುಗಿಯರು ತಿಳಿಯಬೇಕು.

ಇನ್ನು ತಾಯಿತಂದೆಗಳು ಹೇಳುವ ಅಡ್ಡಿಗಳನ್ನು ನೋಡೋಣ. ಅವು ಮೂರು.

ಮೊದಲನೆಯದು ಅಪಾಯ. ಇದನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಈಗಿನ ಹೆದ್ದಾರಿಗಳಲ್ಲಿ ಲಾರಿಗಳ ಓಟವನ್ನು ನೋಡಿದರೆ ಯಾರ ಎದೆಯೂ ನಡುಗುವದು. ಆದರೆ ಅಪಾಯಕ್ಕೆ ಪ್ರತಿಯಾದದ್ದು ಸಿದ್ಧತೆ. ಡರ್ವ್ಲಾ ಮರ್ಫಿಯು ಏಷ್ಯದ ಕೆಟ್ಟ ದಾರಿಗಳಲ್ಲಿ ಕೆಡಬಹುದೆಂದು ತನ್ನ ಬೈಸಿಕಲ್ಲಿನ ಗೇರನ್ನೇ ತೆಗೆಯಿಸಿದಳು. ಗಾಲಿಯ ಟಯರುಗಳನ್ನು ದಾರಿಯ ಪಟ್ಟಣಗಳಿಗೆ ಮುಂಚಿತವಾಗಿಯೇ ಕಳುಹಿಸಿದಳು. ಇನ್ನೊಂದು ಮಾತು: ಆ ಸಂಚಾರದಲ್ಲಿ ಆಕೆಯ ಮೂರು ಪಕ್ಕೆಲುಬುಗಳು ಮುರಿದದ್ದು ಬೈಸಿಕಲ್ಲಿನಿಂದ ಬಿದ್ದಲ್ಲ. ಅಫಗಾನಿಸ್ಥಾನದಲ್ಲಿ ಬಸ್ಸಿನೊಳಗೆ ನಡೆದ ಗಲಾಟೆಯಲ್ಲಿ ಬಂದೂಕಿನ ಹಿಡಿ ತಗಲಿ ಮುರಿದದ್ದು! ದಿನಾಲು ಮಕ್ಕಳನ್ನು ನಿಶ್ಚಿಂತೆಯಿಂದ ಬಸ್ಸಿಗೆ ಹತ್ತಿಸುವ ತಾಯಂದಿರು ಇದನ್ನು ಸ್ವಲ್ಪ ಆಲೋಚಿಸಬೇಕು.

ಎರಡನೆಯದು ನಾಲ್ಕು ಜನರ ಮಾತು. ಮುಂಬಯಿಯ ಆರು ಮಂದಿ ಪಾರಸಿ ತರುಣರು ೧೯೨೩ರಲ್ಲಿ ಬೈಸಿಕಲ್ ಮೇಲೆ ಭೂಪ್ರದಕ್ಷಿಣೆಗೆ ಹೊರಟು, ಅವರಲ್ಲಿ ಮೂವರು ೧೯೨೮ರಲ್ಲಿ ಸುಮಾರು ೭೧,೦೦೦ ಕಿಲೋಮೀಟರುಗಳ ದಾರಿಯನ್ನು ಮುಗಿಸಿ ಬಂದರು. ಅವರನ್ನು ವೀರರೆಂದು ಕರೆದರು. ಗಂಡುಮಕ್ಕಳಿಗೆ ಸಾಹಸವಾದದ್ದು ಹೆಣ್ಣುಮಕ್ಕಳಿಗೆ ಮಾತ್ರ ಹಟಮಾರಿತನವಾಗುವದು ಹೇಗೆ? ೨೦೧೮ರಲ್ಲಿ ಪುಣೆಯ ವೇದಾಂಗಿ ಕುಲಕರ್ಣಿಯು, ಇಪ್ಪತ್ತರ ಹರೆಯದಲ್ಲಿ, ೧೫೯ ದಿನಗಳಲ್ಲಿ ಸುಮಾರು ೨೯,೦೦೦ ಕಿಲೋಮೀಟರು ತುಳಿದು ಭೂಪ್ರದಕ್ಷಿಣೆ ಮಾಡಿದಳು. ನಾಲ್ಕು ಜನರ ಮಾತು ಆಕೆಯ ಗಾಲಿಯನ್ನು ನಿಲ್ಲಿಸಲಿಲ್ಲ.

ಮೂರನೆಯದು, ಒಮ್ಮೆ ಹೊರಗಿನ ಗಾಳಿ ತಗಲಿದರೆ ಹುಡುಗಿಯ ಮನಸ್ಸು ಮನೆಯ ಕೆಲಸದಲ್ಲಿ ನಿಲ್ಲದೆಂಬ ಭಯ. ಹನ್ನೆರಡು ವರುಷಗಳ ಕೆಳಗೆ ನಮ್ಮ ಮನಸ್ಸಿನ ಅಡಿಯಲ್ಲಿದ್ದ ಭಯವೂ ನಿಜವಾಗಿ ಇದೇ. ಆದರೆ ಡರ್ವ್ಲಾ ಮರ್ಫಿಯು ಜೀವಮಾನವೆಲ್ಲ ದೇಶದೇಶಗಳಲ್ಲಿ ಸಂಚರಿಸಿಯೂ ಪ್ರತಿ ಸಾರಿ ಹಿಂದಿರುಗಿದ್ದು ಲಿಸ್ಮೋರಿಗೇ. ೨೦೨೨ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಪ್ರಾಣ ಬಿಟ್ಟದ್ದೂ ಆ ಊರಿನಲ್ಲಿಯೇ. ಮಿತವಾಗಿ ಖರ್ಚುಮಾಡುವದು, ಒಬ್ಬಳೇ ಇರುವದು, ದಣಿದಾಗಲೂ ಮಾಡಬೇಕಾದದ್ದನ್ನು ಮಾಡುವದು, ಇವನ್ನು ಆಕೆ ಕಲಿತದ್ದು ರೋಗಿಯ ಮಂಚದ ಬಳಿಯಲ್ಲಿಯೇ. ಮನೆಯು ಕಲಿಸಿದ್ದನ್ನು ದಾರಿಯು ಪರೀಕ್ಷಿಸಿತು. ಕಲಿಸಿ ಪರೀಕ್ಷೆಗೆ ಕೂಡಿಸದ ಶಾಲೆಯು ಎಲ್ಲಿಯಾದರೂ ಉಂಟೇ?

ಆದಕಾರಣ ನಮ್ಮ ಸೂಚನೆ ಇದು. ಬರುವ ಜೂನ್ ತಿಂಗಳಿನಿಂದ ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಶನಿವಾರಗಳಲ್ಲಿ ಟ್ಯೂಬಿಗೆ ತೇಪೆ ಹಾಕುವದನ್ನೂ, ಸರಪಳಿ ಬ್ರೇಕುಗಳನ್ನು ಸರಿಪಡಿಸುವದನ್ನೂ, ನಕಾಶೆ ಓದುವದನ್ನೂ ಕಲಿಸುವೆವು. ಮಳೆಗಾಲ ಕಳೆದ ಮೇಲೆ ಮೊದಲು ಒಂದು ದಿನದ, ತರುವಾಯ ಎರಡು ದಿನಗಳ ಸಂಚಾರ. ಡಿಸೆಂಬರಿನ ರಜೆಯಲ್ಲಿ, ಮನೆಯವರ ಒಪ್ಪಿಗೆಯ ಪತ್ರವನ್ನು ತಂದವರೊಂದಿಗೆ, ಇಬ್ಬರು ಉಪಾಧ್ಯಾಯಿನಿಯರೂ ಹಿಂದೆ ಒಂದು ವಾಹನವೂ ಸಹಿತವಾಗಿ, ಸಂಪಾಜೆಯ ದಾರಿಯಲ್ಲಿ ಮಡಿಕೇರಿಗೆ ಮೂರು ದಿನಗಳ ಸಂಚಾರ. ಏರಿನಲ್ಲಿ ಇಳಿದು ತಳ್ಳಿಕೊಂಡು ನಡೆದರೆ ನಾಚಿಕೆಯಿಲ್ಲ. ಇಬ್ಬರು ಉಪಾಧ್ಯಾಯಿನಿಯರಲ್ಲಿ ಒಬ್ಬರು ನಾವೇ ಆಗಿರುವದರಿಂದ ಈ ನಿಯಮವನ್ನು ಮೊದಲೇ ಗೊತ್ತುಮಾಡಿದ್ದೇವೆ.

ಹಳೇ ವಿದ್ಯಾರ್ಥಿನಿಯರಲ್ಲಿ ನಮ್ಮ ವಿಜ್ಞಾಪನೆ ಒಂದುಂಟು. ನಿಮ್ಮ ಮನೆಯ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತಿರುವ ಬೈಸಿಕಲ್ಲನ್ನು ಶಾಲೆಗೆ ಕಳುಹಿಸಿರಿ. ನಮ್ಮ ಹುಡುಗಿಯರು ಅದನ್ನು ಬಿಚ್ಚಿ ಜೋಡಿಸಿ ಕಲಿತುಕೊಳ್ಳುವರು. ಕಳುಹಿಸುವದಕ್ಕಿಂತಲೂ ಅದನ್ನು ತುಳಿದುಕೊಂಡು ನೀವೇ ಬಂದರೆ ಇನ್ನೂ ಒಳ್ಳೇದು.

ಘಾಟಿ ಬಾಕಿಯುಳಿದ ಆ ನಾಲ್ವರಿಗೂ ನಾವು ಪತ್ರ ಬರೆದು ಈ ಸಂಚಾರಕ್ಕೆ ಕರೆದಿದ್ದೇವೆ. ಇಬ್ಬರು ಬರುವೆವೆಂದು ಬರೆದಿದ್ದಾರೆ; ಒಬ್ಬಳು ಪರದೇಶದಲ್ಲಿದ್ದಾಳೆ. ಕೂಸಿನ ತಾಯಿಯಿಂದ ಉತ್ತರ ಇನ್ನೂ ಬಂದಿಲ್ಲ. ಮೂರು ದಿನ ಕೂಸನ್ನು ಯಾರು ನೋಡಿಕೊಳ್ಳುವರೆಂಬದು ಮನೆಯಲ್ಲಿ ಆಲೋಚನೆಯಲ್ಲಿರುವದಾಗಿ ಕೇಳಿದ್ದೇವೆ. ಅವಳ ಮನೆಯವರೂ ಈ ಸಂಚಿಕೆಯನ್ನು ಓದುವರೆಂದು ನಂಬಿ, ಹನ್ನೆರಡು ವರುಷಗಳ ಕೆಳಗೆ ಹೇಳಬೇಕಾಗಿದ್ದ ಆ ಒಂದು ಮಾತನ್ನು ಈಗ ಹೇಳುತ್ತೇವೆ: ದಯಮಾಡಿ ಅವಳನ್ನು ಕಳುಹಿಸಿಕೊಡಿರಿ.