ಮನೆವಾರ್ತೆ: ಸದ್ದಿಲ್ಲದೆ ಕೆಡುವ ಫೈಲು



ಮಳೆಗಾಲ ಮುಗಿದ ಮೇಲೆ ಬೇಳೆ ಡಬ್ಬಿಗಳನ್ನು ಇಳಿಸಿ ಮೊರಕ್ಕೆ ಸುರಿದು ನೋಡುವುದು ನಮಗೆಲ್ಲ ಅಭ್ಯಾಸ. ಡಬ್ಬಿ ಹೊರಗೆ ಚೆನ್ನಾಗಿಯೇ ಇರುತ್ತದೆ, ಮುಚ್ಚಳವೂ ಬಿಗಿಯಾಗಿರುತ್ತದೆ. ಒಳಗೆ ನೋಡಿದರೆ ಹುಳು! ಕಂಪ್ಯೂಟರಿನಲ್ಲಿ, ಪೆನ್‌ಡ್ರೈವಿನಲ್ಲಿ ನಾವು ಜೋಪಾನ ಮಾಡಿಟ್ಟ ಫೋಟೋ, ಹಾಡು, ಕಾಗದಪತ್ರಗಳಿಗೂ ಹೀಗಾಗುತ್ತದೆ ಎಂದರೆ ನಂಬುತ್ತೀರಾ? 2023ರವರೆಗೆ ನಾನೂ ನಂಬುತ್ತಿರಲಿಲ್ಲ.

ನಮ್ಮತ್ತೆಯವರಿಗೆ ಹಸೆ ಹಾಡು, ಆರತಿ ಹಾಡು ಎಲ್ಲ ಬಾಯಿಪಾಠ. 2017ರಲ್ಲಿ ಒಂದು ಮಧ್ಯಾಹ್ನ ಊಟವಾದ ಮೇಲೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಮೊಬೈಲಿನಲ್ಲಿ ಹದಿನಾಲ್ಕು ಹಾಡು ರೆಕಾರ್ಡ್ ಮಾಡಿದೆವು. ಅವನ್ನು ಕಂಪ್ಯೂಟರಿಗೆ ಹಾಕಿದ್ದಾಯಿತು. ಒಂದು ಪೆನ್‌ಡ್ರೈವಿಗೆ ತುಂಬಿ ತೀರ್ಥಹಳ್ಳಿಯಲ್ಲಿರುವ ನಾದಿನಿಗೂ ಕೊಟ್ಟೆ. ನಮ್ಮನೆಯದಕ್ಕೆ ಪ್ರತಿವರ್ಷ ದೀಪಾವಳಿಗೆ ಮೊದಲು ಹೊಸದಾಗಿ ನಕಲು ಮಾಡಿಡುತ್ತಿದ್ದೆ. ಇನ್ನೇನು ಭಯ ಅಂತ ನೆಮ್ಮದಿಯಾಗಿದ್ದೆ ನೋಡಿ.

2021ರಲ್ಲಿ ಅತ್ತೆ ತೀರಿಕೊಂಡರು. ಎರಡು ವರ್ಷದ ಮೇಲೆ ಮೈದುನನ ಮಗಳ ಮದುವೆ ಬಂತು. ಹಸೆಗೆ ಕರೆಯುವಾಗ ಅಜ್ಜಿಯ ಹಾಡೇ ಹಾಕಬೇಕು ಅಂತ ಹುಡುಗಿಯ ಆಸೆ. ಹಾಕಿದೆವು. ಮೊದಲ ನುಡಿ ಚೆನ್ನಾಗಿ ಬಂತು, ಎಲ್ಲರ ಕಣ್ಣಲ್ಲೂ ನೀರು. ಎರಡನೆಯ ನುಡಿಗೆ ಕರಕರ ಸದ್ದು, ಆಮೇಲೆ ಏನೂ ಇಲ್ಲ. ಮನೆಗೆ ಬಂದು ಕಂಪ್ಯೂಟರಿನದನ್ನು ಹಾಕಿದರೆ ಅದೂ ಹಾಗೇ. ಫೈಲಿನ ಹೆಸರು ಅದೇ, ತಾರೀಖು ಅದೇ, ಅಳತೆಯೂ ಅಷ್ಟೇ. ಒಳಗೆ ಮಾತ್ರ ಕೆಟ್ಟಿತ್ತು. ಕೆಟ್ಟದ್ದನ್ನೇ ನಾನು ದೀಪಾವಳಿ ದೀಪಾವಳಿಗೆ ಒಳ್ಳೆಯದರ ಮೇಲೆ ನಕಲು ಮಾಡಿ, ನನ್ನ ಕೈಯಾರೆ ಒಳ್ಳೆಯದನ್ನು ಅಳಿಸಿದ್ದೆ!

ನಮ್ಮಣ್ಣನ ಮಗ ಕಂಪ್ಯೂಟರ್ ಓದಿದವನು. ಅವನ ಹತ್ತಿರ ಹೇಳಿಕೊಂಡು ಅತ್ತೆ. "ಅತ್ತೆ, ನಕಲು ಮಾಡಿದರೆ ಸಾಲದು. ಒಳ್ಳೆಯದಿದ್ದಾಗಲೇ ಮೊತ್ತ ಹಾಕಿ ಬರೆದಿಡಬೇಕಿತ್ತು" ಅಂದ. ಮೊತ್ತ ಅಂದರೆ ಚೆಕ್‌ಸಮ್.

ಇದೇನು ಅಂತ ನನಗೆ ತಿಳಿದ ಹಾಗೆ ಹೇಳುತ್ತೇನೆ. ಅಗಸರಿಗೆ ಬಟ್ಟೆ ಹಾಕುವಾಗ ಇಪ್ಪತ್ತು ಅಂತ ಬರೆದಿಟ್ಟುಕೊಳ್ಳುತ್ತೇವೆ. ವಾಪಸು ಇಪ್ಪತ್ತು ಬಂದರೆ ಲೆಕ್ಕ ಸರಿ. ಆದರೆ ನಮ್ಮ ಸೀರೆ ಹೋಗಿ ಇನ್ನೊಬ್ಬರ ಸೀರೆ ಬಂದಿದ್ದರೆ? ಎಣಿಕೆಯಲ್ಲಿ ತಿಳಿಯುವುದಿಲ್ಲ. ಫೈಲಿನ ಅಳತೆ ನೋಡುವುದು ಈ ಎಣಿಕೆಯಿದ್ದ ಹಾಗೆ. ಚೆಕ್‌ಸಮ್ ಎಂದರೆ ಒಂದೊಂದು ಬಟ್ಟೆಯ ಬಣ್ಣ, ಅಂಚು, ಹರಿದ ಜಾಗ ಎಲ್ಲವನ್ನೂ ಸೇರಿಸಿ ತೆಗೆದ ಒಂದು ಗುರುತು. ಕಂಪ್ಯೂಟರಿಗೆ ಹಾಡಾದರೂ ಫೋಟೋ ಆದರೂ ಬರೀ ಅಂಕಿಗಳೇ. ಆ ಅಂಕಿಗಳನ್ನೆಲ್ಲ ಒಂದು ಲೆಕ್ಕಕ್ಕೆ ಹಾಕಿ ಕೊನೆಗೆ ಒಂದು ಸಾಲು ಕೊಡುತ್ತದೆ. ಷಾ-256 ಎಂಬ ಲೆಕ್ಕದಲ್ಲಿ ಈ ಸಾಲಿಗೆ 64 ಅಕ್ಷರ. 0ಯಿಂದ 9ರವರೆಗಿನ ಅಂಕಿ, ಎ-ಯಿಂದ ಎಫ್‌ವರೆಗಿನ ಅಕ್ಷರ, ಅಷ್ಟೇ. ಚಿಕ್ಕ ಫೋಟೋಗೂ 64, ಮೂರು ಗಂಟೆಯ ಸಿನಿಮಾಗೂ 64. ಒಳಗೆ ಒಂದೇ ಒಂದು ಚುಕ್ಕೆಯಷ್ಟು ಬದಲಾದರೂ ಇಡೀ ಸಾಲು ಬೇರೆಯಾಗಿಬಿಡುತ್ತದೆ.

ಇದು ನಮಗೆ ತೀರಾ ಹೊಸದೂ ಅಲ್ಲ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿ ಇಂಥದ್ದೇ ಕಾವಲಿನ ಅಂಕಿ. ಮೊದಲ ಹನ್ನೊಂದರಲ್ಲಿ ಒಂದನ್ನು ತಪ್ಪಿ ಬರೆದರೆ ಲೆಕ್ಕ ತಾಳೆಯಾಗದೆ ಸಿಕ್ಕಿಬೀಳುತ್ತದೆ. ಬಿಸ್ಕತ್ತು ಪೊಟ್ಟಣದ ಕರಿಗೆರೆಗಳ ಕೆಳಗಿನ ಕೊನೆಯ ಅಂಕಿಯೂ ಇದೇ ಕೆಲಸಕ್ಕೆ ಇರುವುದು.

ಫೈಲು ಯಾಕೆ ಕೆಡುತ್ತದೆ ಅಂತ ಕೇಳಬಹುದು. ಪೆನ್‌ಡ್ರೈವಿನಲ್ಲಿ ಎಲ್ಲವೂ ಇರುವುದು ಕೂಡಿಟ್ಟ ವಿದ್ಯುತ್ತಿನ ರೂಪದಲ್ಲಿ. ವರ್ಷಗಟ್ಟಲೆ ಬೀರುವಿನಲ್ಲೇ ಬಿದ್ದಿದ್ದರೆ ಅದು ನಿಧಾನವಾಗಿ ಸೋರುತ್ತದೆ. ಹಾರ್ಡ್‌ಡಿಸ್ಕಿನಲ್ಲಿ ಅಲ್ಲೊಂದು ಇಲ್ಲೊಂದು ಜಾಗ ಸವೆಯುತ್ತದೆ. ನಕಲು ಆಗುತ್ತಿರುವಾಗ ಕರೆಂಟು ಹೋಗುತ್ತದೆ. ಅವಸರದಲ್ಲಿ ಪೆನ್‌ಡ್ರೈವನ್ನು ಹೇಳದೆ ಕೇಳದೆ ಕಿತ್ತುಕೊಳ್ಳುತ್ತೇವೆ. ನಮ್ಮಂಥವರಿಗೆ ಮಾತ್ರ ಆಗುವುದೂ ಅಲ್ಲ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು 41 ತಿಂಗಳು ಗಮನಿಸಿದಾಗ, ಮೊತ್ತ ತಾಳೆಯಾಗದ ಪ್ರಸಂಗಗಳು 4 ಲಕ್ಷಕ್ಕೂ ಮೇಲೆ ಸಿಕ್ಕಿದವಂತೆ.

ಈಗ ಮಾಡುವ ಕ್ರಮ. ಅಡುಗೆಯಷ್ಟೇ ಸುಲಭ, ಹೆದರಬೇಡಿ.

ವಿಂಡೋಸ್ ಕಂಪ್ಯೂಟರಾದರೆ: ಹಾಡು ಇರುವ ಫೋಲ್ಡರ್ ತೆರೆಯಿರಿ. ಮೇಲ್ಗಡೆ ಫೋಲ್ಡರಿನ ವಿಳಾಸವಿರುವ ಪಟ್ಟಿಯ ಮೇಲೆ ಒತ್ತಿ, ಇಂಗ್ಲಿಷಿನಲ್ಲಿ ಸಿ-ಎಂ-ಡಿ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಪ್ಪು ಕಿಟಕಿಯೊಂದು ತೆರೆಯುತ್ತದೆ. ಅದರಲ್ಲಿ ಸಿ-ಇ-ಆರ್-ಟಿ-ಯು-ಟಿ-ಐ-ಎಲ್ ಎಂದು ಬರೆದು ಒಂದು ಜಾಗ ಬಿಡಿ. ಸಣ್ಣ ಅಡ್ಡಗೆರೆ ಹಾಕಿ, ಅದಕ್ಕೆ ತಾಗಿದ ಹಾಗೆ ಹೆಚ್-ಎ-ಎಸ್-ಹೆಚ್-ಎಫ್-ಐ-ಎಲ್-ಇ ಬರೆಯಿರಿ. ಮತ್ತೆ ಜಾಗ ಬಿಟ್ಟು ಫೈಲಿನ ಪೂರ್ತಿ ಹೆಸರು, ಇನ್ನೊಮ್ಮೆ ಜಾಗ ಬಿಟ್ಟು ಎಸ್-ಹೆಚ್-ಎ-256. ಎಂಟರ್ ಒತ್ತಿದರೆ 64 ಅಕ್ಷರದ ಸಾಲು ಬರುತ್ತದೆ. ಫೈಲಿನ ಹೆಸರಿನ ನಡುವೆ ಖಾಲಿ ಜಾಗವಿದ್ದರೆ ಹೆಸರಿನ ಎರಡೂ ಕಡೆ ಜೋಡಿ ಉದ್ಧರಣ ಚಿಹ್ನೆ ಹಾಕಿ.

ಲಿನಕ್ಸ್ ಆದರೆ: ಇದರಲ್ಲಿ ಫೋಲ್ಡರಿಗೆಲ್ಲ ಒಟ್ಟಿಗೇ ಮೊತ್ತ ಹಾಕಬಹುದು. ನಮ್ಮ ಹಳೆ ಕಂಪ್ಯೂಟರಿಗೆ ಹುಡುಗ ಇದನ್ನೇ ಹಾಕಿಕೊಟ್ಟಿದ್ದಾನೆ. ಆ ಫೋಲ್ಡರಿನಲ್ಲೇ ಟರ್ಮಿನಲ್ ತೆರೆದು, ಎಲ್ಲ ಸಣ್ಣ ಅಕ್ಷರದಲ್ಲಿ ಎಸ್-ಹೆಚ್-ಎ-256-ಎಸ್-ಯು-ಎಂ ಬರೆಯಿರಿ. ಜಾಗ ಬಿಟ್ಟು ನಕ್ಷತ್ರ, ಚುಕ್ಕೆ, ಎಂ-ಪಿ-3. ಮತ್ತೆ ಜಾಗ ಬಿಟ್ಟು ಬಲಕ್ಕೆ ಮೊನೆಯಿರುವ ಬಾಣದ ಗುರುತು, ಆಮೇಲೆ ಪಟ್ಟಿಗೆ ನಿಮಗೆ ಬೇಕಾದ ಒಂದು ಹೆಸರು. ಎಲ್ಲ ಹಾಡಿನ ಮೊತ್ತವೂ ಆ ಪಟ್ಟಿಗೆ ಹೋಗಿ ಕೂರುತ್ತದೆ. ಮುಂದೆ ಪರೀಕ್ಷೆ ಮಾಡಬೇಕಾದಾಗ ಅದೇ ಪದ ಬರೆದು, ಜಾಗ ಬಿಟ್ಟು ಅಡ್ಡಗೆರೆ ಸಿ, ಮತ್ತೆ ಜಾಗ ಬಿಟ್ಟು ಪಟ್ಟಿಯ ಹೆಸರು. ಒಳ್ಳೆಯದರ ಮುಂದೆ ಓಕೆ ಅಂತಲೂ, ಕೆಟ್ಟದ್ದರ ಮುಂದೆ ಫೇಲ್ಡ್ ಅಂತಲೂ ಬರುತ್ತದೆ.

ನಾದಿನಿಯ ಮನೆಯಲ್ಲಿ ವಿಂಡೋಸ್, ನಮ್ಮಲ್ಲಿ ಲಿನಕ್ಸ್. ಯಂತ್ರ ಬೇರೆಯಾದರೂ ಲೆಕ್ಕ ಒಂದೇ, ಉತ್ತರವೂ ಒಂದೇ. ಒಂದು ಭಾನುವಾರ ಇಬ್ಬರೂ ಫೋನ್ ಹಿಡಿದು ಕೂತೆವು. ಪ್ರತಿ ಹಾಡಿಗೂ ಅವಳು ಮೊದಲ ಎಂಟು, ಕೊನೆಯ ಎಂಟು ಅಕ್ಷರ ಓದುವುದು, ನಾನು ತಾಳೆ ನೋಡುವುದು. ಹನ್ನೊಂದು ಹಾಡು ಸರಿಹೋದವು. ಮೂರಕ್ಕೆ, "ಅತ್ತಿಗೆ, ಇಲ್ಲಿ ಬೇರೆಯೇ ಬರ್ತಾ ಇದೆಯಲ್ಲ" ಅಂದಳು.

ಇಲ್ಲೊಂದು ವಿಷಯ. ಮೊತ್ತ ಬೇರೆ ಬಂದರೆ ಎರಡೂ ಒಂದೇ ಅಲ್ಲ ಅಂತ ತಿಳಿಯುತ್ತದೆ, ಅಷ್ಟೇ. ಯಾವುದು ಒಳ್ಳೆಯದು ಅಂತ ಅದು ಹೇಳದು, ಕೆಟ್ಟದ್ದನ್ನು ರಿಪೇರಿಯೂ ಮಾಡದು. ಮೊದಲ ದಿನವೇ ಬರೆದಿಟ್ಟಿದ್ದರೆ ಅದೇ ಸಾಕ್ಷಿ ಹೇಳುತ್ತಿತ್ತು. ಬರೆದಿಡಲಿಲ್ಲವಾಗಿ ನಾವು ಕಿವಿಯಿಂದ ಕೇಳಿಯೇ ತೀರ್ಮಾನ ಮಾಡಬೇಕಾಯಿತು. ಆ ಮೂರರಲ್ಲಿ ಹಸೆಗೆ ಕರೆಯುವ ಹಾಡೂ ಇನ್ನೊಂದೂ ಅವಳ ಹತ್ತಿರ ಪೂರ್ತಿ ಇದ್ದವು. ಮೂರನೆಯದು ಆರತಿ ಹಾಡು. ಅದು ಅವಳಲ್ಲೂ ಕೆಟ್ಟಿತ್ತು. ಕೊನೆಯ ಎರಡು ನುಡಿ ಇಬ್ಬರಲ್ಲೂ ಇಲ್ಲ. ಆ ನುಡಿಗಳ ಮಾತು ನಾದಿನಿಗೆ ನೆನಪಿತ್ತು, ಬರೆದುಕೊಂಡಿದ್ದೇವೆ. ಅತ್ತೆಯ ದನಿ ಮಾತ್ರ ಹೋಯಿತು.

ನೀವು ಹೀಗೆ ಪರಿತಪಿಸಬಾರದು ಅಂತ ಕೆಲವು ಕಿವಿಮಾತು:

1. ಫೋಟೋ, ಹಾಡು ಹೊಸದಾಗಿದ್ದಾಗಲೇ, ಒಮ್ಮೆ ಪೂರ್ತಿ ನೋಡಿ ಕೇಳಿ, ಮೊತ್ತ ಹಾಕಿಡಿ. ಪಟ್ಟಿಯ ಪ್ರತಿ ಎಲ್ಲ ನಕಲಿನ ಜೊತೆಗೂ ಇರಲಿ. ಪುಸ್ತಕದಲ್ಲಿ ಬರೆಯುವುದಾದರೆ ಮೊದಲ ಎಂಟು, ಕೊನೆಯ ಎಂಟು ಅಕ್ಷರ ಸಾಕು.

2. ಹಳೆ ನಕಲಿನ ಮೇಲೆ ಹೊಸದನ್ನು ಹಾಕುವ ಮೊದಲು ಮೊತ್ತ ತಾಳೆ ನೋಡಿ. ನಾನು ತಪ್ಪಿದ್ದು ಇಲ್ಲೇ.

3. ನಕಲು ಮಾಡಿದ ಕೂಡಲೇ ಪರೀಕ್ಷೆ ಮಾಡಬೇಡಿ. ಕಂಪ್ಯೂಟರು ತನ್ನ ನೆನಪಿನಿಂದಲೇ ಉತ್ತರ ಹೇಳಿಬಿಡಬಹುದು. ಪೆನ್‌ಡ್ರೈವನ್ನು ಕ್ರಮವಾಗಿ ತೆಗೆದು, ಮತ್ತೆ ಸಿಕ್ಕಿಸಿ ನೋಡಿ.

4. ಫೈಲಿನ ಹೆಸರು ಬದಲಾಯಿಸಿದರೆ ಮೊತ್ತ ಬದಲಾಗುವುದಿಲ್ಲ. ಫೋಟೋ ಕತ್ತರಿಸಿ ಉಳಿಸಿದರೆ ಬದಲಾಗುತ್ತದೆ. ವಾಟ್ಸಾಪಿನಲ್ಲಿ ಸುಮ್ಮನೆ ಕಳಿಸಿದ ಫೋಟೋ ಕುಗ್ಗಿ ಹೋಗುವುದರಿಂದ ಅದರ ಮೊತ್ತವೂ ಬೇರೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೇ ತಲುಪುತ್ತದೆ.

5. ನಕಲು ಒಂದೇ ಮನೆಯಲ್ಲಿ ಬೇಡ. ತವರಿಗೊಂದು, ನಾದಿನಿಗೊಂದು ಕೊಟ್ಟಿಡಿ. ನಮ್ಮ ಎರಡು ಹಾಡು ಉಳಿದದ್ದು ಅದರಿಂದಲೇ.

ಈಗ ನಮ್ಮಲ್ಲಿ ದೀಪಾವಳಿಗೆ ಮುಂಚೆ ಎರಡು ಕೆಲಸ: ಬೇಳೆ ಡಬ್ಬಿ ನೋಡುವುದು, ಹಾಡಿನ ಪಟ್ಟಿ ನೋಡುವುದು. ಹದಿಮೂರು ಹಾಡಿನ ಮುಂದೆ ಓಕೆ ಅಂತ ಬರುವವರೆಗೆ ನನಗೆ ಸಮಾಧಾನವಿಲ್ಲ. ನೀವೂ ಈ ವಾರವೇ ಒಂದು ಸಂಜೆ ಬಿಡುವು ಮಾಡಿಕೊಂಡು ಕೂರಿ. ಮದುವೆಯ ಫೋಟೋ, ಮಗುವಿನ ಮೊದಲ ಮಾತು, ಹಿರಿಯರ ದನಿ — ಯಾವುದನ್ನು ಮತ್ತೆ ಪಡೆಯಲಾಗದೋ ಅದರಿಂದಲೇ ಶುರು ಮಾಡಿ. ಏನಂತೀರಿ?